ತಾಡಪತ್ರಿ ನಿಜಗುಣಪ್ಪ ಸಮುದ್ರ ದಾಟಿದ್ದು

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಎದುರು ಸಾಲಿನಲ್ಲಿ ನಿಜಗುಣಪ್ಪನಿಗೊಂದು ತಗಡಿನ ಅಂಗಡಿ ಇತ್ತು. ಒಳಗೆ ಒಂದು ಕಾಲುಮಷಿನ್ನು, ನೆಲದ ತುಂಬ ಹರಡಿದ ದಪ್ಪ ಕ್ಯಾನ್ವಾಸು, ಮೇಣ ಸವರಿದ ದಾರದ ಉಂಡೆಗಳು. ಹತ್ತಿಯ ಲಾರಿಗಳಿಗೆ, ಗೋವಿನಜೋಳದ ರಾಶಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವುದು ಅವನ ಕಸುಬು. ಅವನ ಅಪ್ಪನದೂ ಅದೇ. ಪೇಟೆಯಲ್ಲಿ ಆ ಹೆಸರಿನವರು ಇನ್ನೂ ಕೆಲವರು ಇದ್ದುದರಿಂದ ಎಲ್ಲರೂ ಅವನನ್ನು ತಾಡಪತ್ರಿ ನಿಜಗುಣಪ್ಪ ಎನ್ನುತ್ತಿದ್ದರು. ನೀಲಿ ಪ್ಲಾಸ್ಟಿಕ್ ಹಾಳೆಗಳು ಸಂತೆಯಲ್ಲಿ ಸಿಗತೊಡಗಿದ ಮೇಲೆ ಹೆಸರು ಉಳಿಯಿತು, ಕೆಲಸ ಹೋಯಿತು.

ಸವದತ್ತಿ, ರಾಮದುರ್ಗದ ಕಡೆಯಿಂದ ಎಷ್ಟೋ ಮಂದಿ ಗೋವಾಕ್ಕೆ ದುಡಿಯಲು ಹೋಗುತ್ತಿದ್ದರು. ನಿಜಗುಣಪ್ಪನೂ ಹೋದ. ಮಾಂಡವಿ ನದಿಯ ದಂಡೆಯ ಒಂದು ಶೆಡ್ಡಿನಲ್ಲಿ ದೋಣಿಗಳಿಗೆ ಹೊದಿಕೆ ಹೊಲಿಯುವ ಕೆಲಸ ಸಿಕ್ಕಿತು. ಕ್ರಮೇಣ ಹಾಯಿ ಹೊಲಿಯುವುದನ್ನೂ ಕಲಿತ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದ. ಹೆಂಡತಿ ಸೋಮವ್ವ ಬೈಲಹೊಂಗಲದಲ್ಲೇ ಇದ್ದು ಓಣಿಯವರಿಗೆ ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಡುತ್ತಿದ್ದಳು. ಮಕ್ಕಳಿರಲಿಲ್ಲ. ಮೊದಲೆಲ್ಲ ಗಂಡಹೆಂಡತಿ ಒಂದೇ ಪಡಸಾಲೆಯಲ್ಲಿ ಕೂತು, ಅವನು ಕ್ಯಾನ್ವಾಸು ಅವಳು ಕೌದಿ, ಮಾತಿಲ್ಲದೆ ಮಧ್ಯಾಹ್ನಗಳನ್ನು ಕಳೆದವರು. ಅದು ಇಬ್ಬರಿಗೂ ಎಂದೂ ಕೊರತೆ ಎನಿಸಿರಲಿಲ್ಲ.

ಗೋವಾದಲ್ಲಿ ನಿಜಗುಣಪ್ಪನಿಗೆ ಒಂದೇ ಒಂದು ಕುತೂಹಲ ಹತ್ತಿಕೊಂಡಿತ್ತು. ಊರಿನಲ್ಲಿ ಅವನು ಹೊಲಿದ ತಾಡಪತ್ರಿ ಹುಬ್ಬಳ್ಳಿಗೋ ಮುಂಬಯಿಗೋ ಹೋಗಿ ಮತ್ತೆ ಹರಿದುಕೊಂಡು ಅವನ ಹತ್ತಿರವೇ ಬರುತ್ತಿತ್ತು. ಇಲ್ಲಿ ಹೊಲಿದ ಹಾಯಿಗಳು ನದಿಯ ಬಾಯಿ ದಾಟಿ, ಬಿಳಿ ಚುಕ್ಕೆಯಾಗಿ, ಇಲ್ಲವಾಗುತ್ತಿದ್ದವು. ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡಿಕೊಂಡು ನಿಲ್ಲುವುದು ಅವನಿಗೆ ಅಭ್ಯಾಸವಾಯಿತು.

ಬಾಳಕೃಷ್ಣರಾಯರು ಆ ಶೆಡ್ಡಿಗೆ ಬಂದದ್ದು ೧೯೯೮ರ ಮಳೆಗಾಲದಲ್ಲಿ. ಅವರು ದೊಡ್ಡ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಒಂದು ಹಳೆಯ ಹಾಯಿದೋಣಿಯನ್ನು ಕೊಂಡು ರಿಪೇರಿ ಮಾಡಿಸುತ್ತಿದ್ದರು. ಸೂಜಿ ಚುಚ್ಚಿಕೊಂಡ ನಿಜಗುಣಪ್ಪ ತನ್ನಷ್ಟಕ್ಕೆ ಬೈದುಕೊಂಡದ್ದು ಅವರ ಕಿವಿಗೆ ಬಿತ್ತು.

“ಯಾವೂರೋ ನಿಂದು?”

“ಬೈಲಹೊಂಗಲರಿ.”

“ಮತ್ತ ಬೈಗುಳ ಅಲ್ಲೀವೇ ಅವ. ನಂದೂ ಅದೇ ಊರು. ನಮ್ಮ ಮನಿ ಕೋಟೆ ಬಾಜೂಕ ಇತ್ತು.”

ಅಂದಿನಿಂದ ಅವರ ದೋಣಿಯ ಕೆಲಸವೆಲ್ಲ ನಿಜಗುಣಪ್ಪನ ಪಾಲಿಗೆ ಬಂತು. ದೋಣಿಯ ಹೆಸರು ‘ಇಂದಿರಾ’. ರಾಯರ ಹೆಂಡತಿ ಇಂದಿರಾಬಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ರಾಯರು ದೋಣಿಯನ್ನು ಸಮುದ್ರದಾಚೆ ಸೇಶೆಲ್ಸ್ ದ್ವೀಪಗಳಿಗೆ, ಅಲ್ಲಿಂದ ಆಫ್ರಿಕಾಕ್ಕೆ ಒಯ್ಯುವವರಿದ್ದರು. ಜೊತೆಗೆ ಬರುತ್ತೇನೆಂದಿದ್ದ ಗೆಳೆಯ ಕೊನೆಗಳಿಗೆಯಲ್ಲಿ ಹಿಂಜರಿದ. ಒಂದು ಮುಂಜಾನೆ ರಾಯರು ಹೊಲಿಗೆಯ ಹತ್ತಿರ ಬಂದು ಕೂತರು.

“ನಿಜಗುಣಿ, ನೀ ಬರ್ತಿ ಏನು? ದ್ವೀಪದ ತನಕ. ಅಲ್ಲಿಂದ ವಿಮಾನದಾಗ ವಾಪಸ್ ಕಳಸ್ತೀನಿ.”

“ನನಗ ಈಸು ಬರೂದಿಲ್ರಿ ರಾಯರ.”

“ನಡು ಸಮುದ್ರದಾಗ ಈಸು ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ.”

ನಿಜಗುಣಪ್ಪ ನಕ್ಕ. ಬರುತ್ತೇನೆ ಎಂದುಬಿಟ್ಟ. ಮನೆಯಲ್ಲಿ ಕೇಳಬೇಕಿತ್ತು ಎಂಬುದು ಅವನಿಗೆ ನೆನಪಾದದ್ದು ಸಂಜೆ.

ಊರಿಗೆ ಹೋಗಿ ಹೇಳಿದಾಗ ಸೋಮವ್ವ ಬೇಡವೆನ್ನಲಿಲ್ಲ. ಎರಡು ದಿನ ಒಲೆಯ ಮುಂದೆ ಕೂತು ಸಜ್ಜೆಯ ಕಡಕ್ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಹೊಸ ಕೌದಿಯೊಂದನ್ನು ಮಡಚಿ ಗಂಟು ಕಟ್ಟಿದಳು. ಬಸ್ ಸ್ಟ್ಯಾಂಡಿಗೆ ಮಾತ್ರ ಬರಲಿಲ್ಲ. ಅವನು ಚೀಲ ಹೊತ್ತು ಹೊರಟಾಗ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಸದ್ದು ಓಣಿಯ ತಿರುವಿನವರೆಗೂ ಕೇಳಿಸುತ್ತಿತ್ತು.

೧೯೯೯ರ ಜನವರಿಯ ಒಂದು ಬೆಳಿಗ್ಗೆ ‘ಇಂದಿರಾ’ ಮಾಂಡವಿಯ ಬಾಯಿ ದಾಟಿತು. ಹೊರಗಿನ ತೆರೆಗಳು ಸಿಕ್ಕ ಕೂಡಲೇ ನಿಜಗುಣಪ್ಪ ಡೆಕ್ಕಿನ ಕಟಕಟೆಗೆ ಜೋತುಬಿದ್ದ. ಮೊದಲ ದಿನಗಳು ಅವನಿಗೆ ನೆನಪಿರುವುದು ಹೊಟ್ಟೆಯಿಂದಲೇ ಹೊರತು ಕಣ್ಣಿನಿಂದಲ್ಲ. ರಾಯರು ಅವನ ಸೊಂಟಕ್ಕೆ ಒಂದು ಪಟ್ಟಿ ಕಟ್ಟಿ, ಅದರ ಹಗ್ಗವನ್ನು ಡೆಕ್ಕಿನ ಕೊಂಡಿಗೆ ಸಿಕ್ಕಿಸಿದ್ದರು. ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಆ ಹಗ್ಗದ ಉದ್ದದಲ್ಲೇ ಅವನ ಲೋಕ. ಲಿಂಬೆಹಣ್ಣಿನ ರಸ, ಉಪ್ಪು, ಒಣ ಬ್ರೆಡ್ಡು. “ದಿಗಂತ ನೋಡು, ದಿಗಂತ ನೋಡು” ಎಂದು ರಾಯರು ಹೇಳುತ್ತಲೇ ಇದ್ದರು. ಆಮೇಲೆ ಒಂದು ದಿನ ಎಚ್ಚರವಾದಾಗ ಹೊಟ್ಟೆ ಹಸಿದಿತ್ತು. ಎದ್ದು ಕಡಕ್ ರೊಟ್ಟಿಯ ಗಂಟು ಬಿಚ್ಚಿದ. ಮುರಿದರೆ ಸದ್ದು ಬರಬೇಕಾದ ರೊಟ್ಟಿ ಸಮುದ್ರದ ತಂಪಿಗೆ ಬಟ್ಟೆಯಂತೆ ಮೆತ್ತಗಾಗಿ ಮಡಚಿಕೊಂಡಿತು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತ.

ಆ ಮೇಲೆ ದಿನಗಳಿಗೆ ಒಂದು ಜಾಡು ಬಂತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಗಾಳಿಯ ದಿಕ್ಕು ನೋಡಿ ತಾನೇ ಚುಕ್ಕಾಣಿ ತಿರುಗಿಸುವ ಒಂದು ಸಾಧನ ದೋಣಿಯ ಹಿಂಬದಿಯಲ್ಲಿತ್ತು. ಅದರ ಪಾಡಿಗೆ ಅದು ನಡೆಸುತ್ತಿದ್ದರೂ ಒಬ್ಬರು ಎಚ್ಚರವಿರಲೇಬೇಕು, ದೂರದಲ್ಲಿ ಹಡಗು ಬರುವುದನ್ನು ಕಾಯಲು. ಸರದಿಯ ಮೇಲೆ ಒಬ್ಬರು ಕಾಯುವುದು, ಒಬ್ಬರು ಮಲಗುವುದು. ಬೆಳಗಾದರೆ ನಿಜಗುಣಪ್ಪ ಡೆಕ್ಕಿನ ಮೇಲೆ ಬಿದ್ದ ಹಾರುಮೀನುಗಳನ್ನು ಆರಿಸಿ ನೀರಿಗೆ ಹಾಕುತ್ತಿದ್ದ. ಬದುಕಿದ್ದವು ಈಸಿಹೋಗುತ್ತಿದ್ದವು, ಸತ್ತವು ಬೆಳ್ಳಗೆ ತೇಲುತ್ತಿದ್ದವು. ಆಮೇಲೆ ಕ್ಯಾಬಿನ್ನಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಒತ್ತಿ, ಎರಡೂ ಕಾಲು ಎದುರು ಹಲಗೆಗೆ ಕೊಟ್ಟು, ಲಿಂಗಪೂಜೆ. ರಾಯರು ಆ ಹೊತ್ತಿಗೆ ಹೊರಗೆ ನಿಂತು ಸಮುದ್ರದ ನೀರನ್ನೇ ಬೊಗಸೆಯಲ್ಲೆತ್ತಿ ಸೂರ್ಯನಿಗೆ ಅರ್ಘ್ಯ ಬಿಡುತ್ತಿದ್ದರು. ಅಡುಗೆಯ ಒಲೆ ತೂಗುಮಂಚದಂತೆ ತೂಗುತ್ತಿತ್ತು: ದೋಣಿ ಎಷ್ಟೇ ವಾಲಿದರೂ ಅದರ ಮೇಲಿನ ಪಾತ್ರೆ ನೆಟ್ಟಗಿರಲಿ ಎಂದು. ಸಿಹಿನೀರು ಲೆಕ್ಕದ್ದು. ಅಕ್ಕಿಗೆ ಅರ್ಧ ಸಮುದ್ರದ ನೀರು, ಅರ್ಧ ಕುಡಿಯುವ ನೀರು. ಉಪ್ಪು ಹಾಕುವ ಕೆಲಸವೇ ಇಲ್ಲ. ಸ್ನಾನ ಬಕೆಟ್ಟಿನಿಂದ ಸಮುದ್ರದ ನೀರಿನಲ್ಲಿ. ಮೈ ಒಣಗಿದ ಮೇಲೆ ತೋಳಿನ ಕೂದಲಿನಲ್ಲಿ ಉಪ್ಪಿನ ಹರಳು ಮಿನುಗುತ್ತಿದ್ದವು.

ಅವನಿಗೆ ಕಷ್ಟವಾದದ್ದು ಮಲಗುವ ಜಾಗ. ಕ್ಯಾಬಿನ್ನಿನ ಎಡಬದಿಯ ಮಂಚ ಗಿಡ್ಡದಾಗಿತ್ತು. ಕಾಲು ಮಡಚಿಯೇ ಮಲಗಬೇಕು. ಕೌದಿಯೂ ಒಮ್ಮೆ ಸಮುದ್ರದ ನೀರು ಕುಡಿದ ಮೇಲೆ ಒಣಗುವುದನ್ನೇ ಮರೆತಿತ್ತು. ಬಿಸಿಲಿಗೆ ಹಾಕಿದರೆ ಗರಿಗರಿಯಾಗುತ್ತಿತ್ತು, ಸಂಜೆಯಾದರೆ ಅದರೊಳಗಿನ ಉಪ್ಪು ತೇವವನ್ನು ಎಳೆದುಕೊಂಡು ಮತ್ತೆ ಒದ್ದೆ. ಅದನ್ನು ಹೊದ್ದು, ಮೊಣಕಾಲು ಎದೆಗೆ ತಂದುಕೊಂಡು ಮಲಗಿದಾಗ ಅವನಿಗೆ ಊರಿನ ದೊಡ್ಡ ಸಂಗತಿಗಳ್ಯಾವುವೂ ನೆನಪಾಗುತ್ತಿರಲಿಲ್ಲ. ಸೋಮವ್ವ ಮುಂಜಾನೆ ಕಸ ಗುಡಿಸುವಾಗ ಅವನಿನ್ನೂ ಮಲಗಿದ್ದರೆ ಬೇಕೆಂದೇ ಕಸಬರಿಗೆಯನ್ನು ಮಂಚದ ಕಾಲಿಗೆ ಬಡಿಯುತ್ತಿದ್ದಳು, ಆ ಟಕಟಕ. ಬಾಜೂ ಮನೆಯ ಸಾವಂತ್ರೆವ್ವ ನಲ್ಲಿಯ ಹತ್ತಿರ ಜಗಳ ತೆಗೆಯುವ ದನಿ. ಬಸ್ಸು ಹೋದ ಮೇಲೆ ಏಳುವ ಧೂಳು. ಸುತ್ತ ಇಷ್ಟೊಂದು ನೀರಿರುವಾಗ ಮನಸ್ಸು ಧೂಳನ್ನು ಬೇಡುವುದು ಅವನಿಗೇ ವಿಚಿತ್ರವೆನಿಸುತ್ತಿತ್ತು.

ಊರಿನೊಂದಿಗೆ ಇದ್ದ ಒಂದೇ ಎಳೆ ರೇಡಿಯೊ. ರಾಯರಿಗೆ ಹ್ಯಾಮ್ ರೇಡಿಯೊದ ಹವ್ಯಾಸ. ಅವರ ತಂಗಿಯ ಮಗ ಮಿಲಿಂದ ಬೆಳಗಾವಿಯ ಟಿಳಕವಾಡಿಯಲ್ಲಿದ್ದ. ಅವನ ಮನೆಯ ಮಾಳಿಗೆಯ ಮೇಲೂ ಅಂಥದೇ ಯಂತ್ರ. ದಿನಾ ಸಂಜೆ ಇಬ್ಬರೂ ಗೊತ್ತಾದ ಹೊತ್ತಿಗೆ ಮಾತಾಡುತ್ತಿದ್ದರು. ಒಂದು ಭಾನುವಾರ ಮಿಲಿಂದ ಬೈಲಹೊಂಗಲಕ್ಕೆ ಹೇಳಿಕಳಿಸಿದ. ಸೋಮವ್ವ ಒಬ್ಬಳೇ ಬಸ್ಸು ಹತ್ತಿ ನೇಸರಗಿಯ ಮೇಲೆ ಹಾದು ಬೆಳಗಾವಿಗೆ ಬಂದಳು.

ಒಬ್ಬರು ಮಾತಾಡುವಾಗ ಇನ್ನೊಬ್ಬರದು ಕೇಳಿಸುವುದಿಲ್ಲ, ಮಾತು ಮುಗಿದರೆ ‘ಓವರ್’ ಅನ್ನಬೇಕು, ಆಮೇಲೆ ಒತ್ತಿ ಹಿಡಿದ ಗುಂಡಿ ಬಿಡಬೇಕು ಎಂದು ಮಿಲಿಂದ ಅವಳಿಗೆ ಹೇಳಿಕೊಟ್ಟ. ಆದರೂ ಮೊದಲ ಸಲ ಇಬ್ಬರೂ ಒಟ್ಟಿಗೇ ಮಾತಾಡಿ, ಇಬ್ಬರಿಗೂ ಬರೀ ಚರಚರ ಸದ್ದು ಕೇಳಿತು. ಎರಡನೆಯ ಸಲ ಅವಳ ದನಿ ದೂರದ ತಗಡಿನ ಡಬ್ಬಿಯೊಳಗಿಂದ ಬಂದಂತೆ ಬಂತು.

“ಉಂಡ್ರ್ಯಾ? ಓವರ್ರಿ.”

ನಿಜಗುಣಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತಿದ.

“ಉಂಡೇನಿ. ನೀ ಉಂಡಿ? ಓವರ್.”

“ಉಂಡೇನಿ. ರೊಟ್ಟಿ ಅದಾವ? ಓವರ್ರಿ.”

“ಅದಾವ. ಗಟ್ಟಿ ಅದಾವ. ಓವರ್.”

ಅಷ್ಟೇ. ಅವಳು ಬಸ್ಸಿಗೆ ಹೋಗಬೇಕಿತ್ತು. ನೂರಾರು ಮೈಲಿಯಾಚೆಯಿಂದ ಹೆಂಡತಿಗೆ ಮೆತ್ತಗಾದ ರೊಟ್ಟಿಯ ಬಗ್ಗೆ ಸುಳ್ಳು ಹೇಳಿದ ಮೇಲೆ ನಿಜಗುಣಪ್ಪ ಡೆಕ್ಕಿಗೆ ಹೋಗಿ ಮೂಗು ಒರೆಸಿಕೊಂಡ.

ಸಮಭಾಜಕ ವೃತ್ತ ಹತ್ತಿರವಾಗುತ್ತಿದ್ದಂತೆ ಗಾಳಿ ಸತ್ತಿತು. ಮೊದಲು ಹಾಯಿಗಳು ಸಡಿಲಾದವು, ಆಮೇಲೆ ಜೋತುಬಿದ್ದವು. ನೀರು ಎಣ್ಣೆಯಂತೆ ಹೊಳೆಯುತ್ತ ಉಬ್ಬಿ ಇಳಿಯುತ್ತಿತ್ತು. ಒಂದು ತೆರೆಗೂ ಮುರಿಯುವಷ್ಟು ಶಕ್ತಿಯಿಲ್ಲ. ಹಿಂದಿನ ದಿನ ಎಸೆದ ಬಾಳೆಹಣ್ಣಿನ ಸಿಪ್ಪೆ ಮರುದಿನವೂ ದೋಣಿಯ ಪಕ್ಕದಲ್ಲೇ ಇತ್ತು. ಮೋಡ ಮುಚ್ಚಿಕೊಂಡು ಸೆಕೆ.

ಎಂಜಿನ್ ಹಚ್ಚಿ ಸ್ವಲ್ಪ ಮುಂದೆ ಹೋಗೋಣವೆಂದು ರಾಯರು ಹೊರಟರು. ಅರ್ಧ ದಿನದಲ್ಲಿ ಅದು ಕಾದು ನಿಂತಿತು. ಎಂಜಿನ್ನಿಗೆ ನೀರು ಹಾಯಿಸುವ ಪಂಪಿನೊಳಗಿನ ರಬ್ಬರು ಚೂರುಚೂರಾಗಿತ್ತು. ಅದರ ಬದಲಿಗೆ ತಂದಿದ್ದ ಹೊಸ ರಬ್ಬರು ಬೇರೆ ಅಳತೆಯದು. ಜೀವಮಾನವೆಲ್ಲ ಎಂಜಿನ್ನುಗಳ ಜೊತೆ ಕಳೆದ ಮನುಷ್ಯ ಆ ಸಣ್ಣ ರಬ್ಬರಿನ ಗಾಲಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಅದನ್ನು ಕೊಯ್ದು, ಅಂಟಿಸಿ, ಬೂಟಿನ ಅಟ್ಟೆಯಿಂದ ಇನ್ನೊಂದು ಮಾಡಿ, ಎಲ್ಲ ನೋಡಿದರು. ಯಾವುದೂ ನಿಲ್ಲಲಿಲ್ಲ.

ಎಂಜಿನ್ ಇಲ್ಲವೆಂದರೆ ಬ್ಯಾಟರಿಗೆ ಚಾರ್ಜಿಲ್ಲ. ಬಿಸಿಲಿನಿಂದ ಕರೆಂಟು ಮಾಡುವ ಒಂದು ಸಣ್ಣ ಫಲಕವಿತ್ತು, ಆದರೆ ಬಿಸಿಲೆಲ್ಲಿ? ಇದ್ದಷ್ಟು ಕರೆಂಟು ದೀಪಕ್ಕೂ ದಾರಿ ತೋರಿಸುವ ಯಂತ್ರಕ್ಕೂ ಸರಿಹೋಗುತ್ತಿತ್ತು.

“ರೇಡಿಯೊ ಕೇಳಲಿಕ್ಕೆ ಸ್ವಲ್ಪ ಕರೆಂಟು ಸಾಕು,” ಎಂದರು ರಾಯರು. “ಮಾತಾಡ್ಲಿಕ್ಕೆ ಭಾಳ ಬೇಕಾಗ್ತದ. ಇನ್ನ ಮ್ಯಾಲೆ ಕೇಳೂದಷ್ಟೇ.”

ಆ ಸಂಜೆ ಮಿಲಿಂದನ ದನಿ ಬಂತು. “ಮಾಮಾ, ಕೇಳಸ್ತದೇನು? ಓವರ್.” ಮತ್ತೆ, “ಮಾಮಾ, ಕೇಳಸ್ತದೇನು?” ಇಬ್ಬರೂ ಯಂತ್ರದ ಮುಂದೆ ಕೂತು ಅದನ್ನು ಕೇಳಿದರು. ಉತ್ತರಿಸಲಾಗಲಿಲ್ಲ.

ಮಿಲಿಂದನ ಕಡೆಗೆ ಏನಾಯಿತೆಂಬುದನ್ನು ನಿಜಗುಣಪ್ಪ ಆಮೇಲೆ ತಿಳಿದುಕೊಂಡ. ಎರಡು ದಿನ ಸದ್ದಿಲ್ಲದ್ದನ್ನು ನೋಡಿ ಮಿಲಿಂದ ಬೈಲಹೊಂಗಲಕ್ಕೆ ತಾನೇ ಬಂದು ಸೋಮವ್ವನಿಗೆ ಹೇಳಿದ. ಅವಳು ಕೇಳಿದ್ದು ಒಂದೇ ಮಾತು: “ಅವರಿಗೆ ನಮ್ಮದು ಕೇಳಸ್ತಿರಬಹುದೇನ್ರಿ?”

“ಯಂತ್ರ ಕೆಟ್ಟಿರಲಿಕ್ಕಿಲ್ಲ. ಬ್ಯಾಟರಿ ಇಳಿದಿರಬಹುದು. ಹಂಗಿದ್ರ ಕೇಳಸ್ತಿರಬಹುದು. ಖಾತ್ರಿ ಹೇಳಲಿಕ್ಕೆ ಆಗೂದಿಲ್ಲ.”

“ಹಂಗಾರ ನಾ ಬರತೇನಿ.”

ಅರ್ಧ ಹೊಲಿದ ಕೌದಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಸೋಮವ್ವ ಬೆಳಗಾವಿಗೆ ಬಂದು ಮಿಲಿಂದನ ಮನೆಯಲ್ಲೇ ಉಳಿದಳು. ಹಗಲೆಲ್ಲ ಮಾಳಿಗೆಯ ಮೇಲೆ ಕೂತು ಹೊಲಿಗೆ. ಸಂಜೆಯಾದರೆ ಮೈಕಿನ ಮುಂದೆ. ಎದುರಿಗೆ ಉತ್ತರ ಕೊಡುವವರಿಲ್ಲದ್ದರಿಂದಲೋ ಏನೋ, ನಾಕು ಮಾತಿಗೆ ಮುಗಿಸುತ್ತಿದ್ದ ಆ ಹೆಂಗಸು ಈಗ ನಿಲ್ಲಿಸದೆ ಮಾತಾಡಿದಳು.

ನಡು ಸಮುದ್ರದಲ್ಲಿ, ಅಲುಗದ ದೋಣಿಯಲ್ಲಿ, ಬೆವರು ಸುರಿಸುತ್ತ ನಿಜಗುಣಪ್ಪ ಕೇಳಿದ. ಅವಳು ಊರಿನಲ್ಲಿದ್ದಾಗಲೇ ಸಾವಂತ್ರೆವ್ವನ ಎಮ್ಮೆ ಈದದ್ದು. ಗಿಣ್ಣ ಕೊಟ್ಟುಕಳಿಸಿದ್ದು, ಒಬ್ಬಳೇ ತಿನ್ನಲಾಗದೆ ಓಣಿಯವರಿಗೆ ಹಂಚಿದ್ದು. ಅಂಗಡಿಯ ತಗಡು ಗಾಳಿಗೆ ಎದ್ದು ಬಡಿಯುತ್ತಿದ್ದುದಕ್ಕೆ ಪಕ್ಕದ ಅಂಗಡಿಯ ಶಟ್ಟೆಪ್ಪನನ್ನು ಕರೆಸಿ ಕಲ್ಲು ಹೇರಿಸಿದ್ದು. ದಿನಕ್ಕೊಂದು ಸುದ್ದಿ. ಪ್ರತಿಯೊಂದರ ಕೊನೆಗೆ “ಓವರ್ರಿ” ಎಂದು ತುಸು ಹೊತ್ತು ತಡೆದು, ಉತ್ತರ ಬಾರದ ಮೇಲೆ ಮತ್ತೆ ಶುರು. ಆ ತಡೆಯುವ ಹೊತ್ತಿನಲ್ಲಿ ನಿಜಗುಣಪ್ಪ ಗುಂಡಿ ಒತ್ತದೆಯೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. “ಯಾವ ಕರು? ಹೆಣ್ಣೋ ಗಂಡೋ?” ಎಂದು ಕೇಳುತ್ತಿದ್ದ.

ಒಂದು ಸಂಜೆ ಅವಳ ದನಿ ಬೇರೆಯಾಗಿತ್ತು.

“ನಾ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಸಿಟ್ಟು ಬಂದಿತ್ರಿ. ನೀವು ಹೋಗೂದಕ್ಕ ಅಲ್ಲ. ಹೊಂಟೀನಿ ಅಂತ ಹೇಳೂಮುಂದ ನಿಮ್ಮ ಮಾರಿ ಮ್ಯಾಲೆ ಒಂದು ಖುಷಿ ಇತ್ತು. ಲಗ್ನ ಆಗಿ ಇಷ್ಟು ವರ್ಷದಾಗ ಅಂಥಾ ಖುಷಿ ನಾ ನೋಡಿದ್ದಿಲ್ಲ. ನನ್ನ ಬಿಟ್ಟು ಹೋಗೂದ್ರಾಗ ಅಷ್ಟ್ಯಾಕ ಖುಷಿ ಆತು ಇವರಿಗೆ ಅಂತ ಅನಸ್ತು. ಮಕ್ಕಳಿಲ್ಲದ ಮನಿ, ಅದಕ್ಕ ಬ್ಯಾಸರ ಆಗಿರಬೇಕು ಅಂತ ಅನಸ್ತು. ಕೇಳಬೇಕಂದ್ರ ಬಾಯಿ ಬರಲಿಲ್ಲ.” ತುಸು ಚರಚರ. “ಈಗ ಕೇಳೇನಿ. ಕೇಳಸ್ತೋ ಇಲ್ಲೋ ಗೊತ್ತಿಲ್ಲ. ಓವರ್ರಿ.”

ನಿಜಗುಣಪ್ಪ ಮೈಕಿನ ಕಡೆ ಕೈ ಚಾಚಿದ. ರಾಯರು ಅವನ ಮಣಿಕಟ್ಟು ಹಿಡಿದರು.

“ಒಂದೇ ಮಾತ್ರೀ ರಾಯರ. ಒಂದೇ.”

“ಹೋಗೂದಿಲ್ಲೋ. ಗುಂಡಿ ಒತ್ತಿದ ಕೂಡಲೇ ಬ್ಯಾಟರಿ ಬೀಳ್ತದ. ಆಮ್ಯಾಲೆ ಆಕಿ ದನೀನೂ ಕೇಳಸೂದಿಲ್ಲ.”

ಅವನು ಕೈ ಹಿಂದೆಗೆದುಕೊಂಡ. ರಾಯರು ಎದ್ದು ಡೆಕ್ಕಿಗೆ ಹೋದರು. ಬಹಳ ಹೊತ್ತಾದರೂ ಒಳಗೆ ಬರಲಿಲ್ಲವೆಂದು ನಿಜಗುಣಪ್ಪ ಹೋಗಿ ನೋಡಿದರೆ ಅವರು ಹಾಯಿಕಂಬಕ್ಕೆ ಒರಗಿ ಕೂತಿದ್ದರು.

“ಆ ಮಂಚ ಗಿಡ್ಡ ಅದ ಅಂತ ನೀ ಒಂದು ಸಲಾನೂ ಅನಲಿಲ್ಲ,” ಎಂದರು ಅವರು. “ಇಂದಿರಾನ ಅಳತಿಗೆ ಮಾಡಿಸಿದ್ದು. ಆಕಿ ಸಣ್ಣಾಕಿ. ಈ ದೋಣಿ ಕೊಂಡಾಗ ಆಕಿ ಇದ್ದಳು. ನಾ ವರ್ಷಾನುಗಟ್ಟಲೆ ಹಡಗಿನ್ಯಾಗ, ಆಕಿ ಕೋಟೆ ಬಾಜೂ ಮನ್ಯಾಗ. ರಿಟೈರಾದ ಮ್ಯಾಲೆ ಕೂಡೇ ಹೋಗೋಣು ಅಂದಿದ್ದೆ. ನಾ ರಜಾಕ್ಕ ಮನಿಗೆ ಹೋದಾಗೆಲ್ಲ ಆಕಿ ಕೇಳೂದು ಒಂದೇ: ಇವತ್ತು ಅಡಿಗಿ ಏನ ಮಾಡ್ಲಿ? ಆಕಿಗೆ ಹೇಳೂದು ಮತ್ತೇನೂ ಇಲ್ಲ ಅಂತ ತಿಳಕೊಂಡೆ ನಾ.” ಆಮೇಲೆ ಅವನ ಕಡೆ ತಿರುಗಿ, “ಆಕಿಗೂ ಹೇಳೂದು ಇದ್ದಿರಬೇಕಲ್ಲಾ?” ಎಂದು ಕೇಳಿದರು. ನಿಜಗುಣಪ್ಪ ಅವರ ಪಕ್ಕದಲ್ಲಿ ಕೂತ.

ಗಾಳಿ ಬಂದದ್ದು ಒಂದು ಮಧ್ಯಾಹ್ನ, ದಕ್ಷಿಣದಲ್ಲಿ ಎದ್ದ ಕಪ್ಪು ಗೋಡೆಯೊಂದರ ಕೆಳಗಿನಿಂದ. ಮೊದಲು ನೀರಿನ ಮೇಲೆ ಮುಳ್ಳೆದ್ದಂತೆ ಸಣ್ಣ ಸಣ್ಣ ಅಲೆ. ಮರುಗಳಿಗೆಯಲ್ಲಿ ದೋಣಿ ಒಂದು ಮಗ್ಗುಲಿಗೆ ವಾಲಿತು. ಹಾಯಿ ಇಳಿಸುವಷ್ಟರಲ್ಲಿ ಬಂದೂಕು ಹೊಡೆದಂಥ ಸದ್ದು. ದೊಡ್ಡ ಹಾಯಿ ಅಡ್ಡಕ್ಕೆ ಬಾಯಿಬಿಟ್ಟಿತ್ತು. ಹರಿದದ್ದು ಬಟ್ಟೆಯಲ್ಲ, ನಿಜಗುಣಪ್ಪನೇ ಗೋವಾದಲ್ಲಿ ಹಾಕಿದ್ದ ಹೊಲಿಗೆ. ತಾಡಪತ್ರಿಗೆ ಹಾಕುವಂತೆ ನೆಟ್ಟಗೆ ಬಿಗಿಯಾಗಿ ಹಾಕಿದ್ದ. ಗಾಳಿಗೆ ಬಟ್ಟೆ ಎಳೆದುಕೊಂಡಾಗ ದಾರಕ್ಕೆ ಎಳೆದುಕೊಳ್ಳಲು ಜಾಗವಿರಲಿಲ್ಲ.

“ಸೊಟ್ಟ ಸೊಟ್ಟ ಹಾಕಬೇಕಂತ ಹೇಳಿದ್ದೆ ನಾ ನಿನಗ!” ಎಂದು ಮಳೆಯಲ್ಲೇ ಕೂಗಿದರು ರಾಯರು.

“ಹೇಳಿದ್ರಿ! ನಾನೇ ಕೇಳಲಿಲ್ಲ!” ಎಂದು ಇವನೂ ಕೂಗಿದ.

ಮಳೆ ಸುರಿಯಿತು. ಇಬ್ಬರೂ ಬಾಯಿ ತೆರೆದು ಕುಡಿದರು, ಪಾತ್ರೆ ಬಕೆಟ್ಟುಗಳನ್ನೆಲ್ಲ ಹೊರಗೆ ಇಟ್ಟರು. ನಿಜಗುಣಪ್ಪ ಕೌದಿಯನ್ನು ತಂದು ಡೆಕ್ಕಿನ ಮೇಲೆ ಹರವಿ, ಅದರ ಮೇಲೆ ನಿಂತು ತುಳಿದು ತುಳಿದು ಉಪ್ಪು ತೊಳೆದ. ಆಮೇಲೆ ಕ್ಯಾಬಿನ್ನಿನಲ್ಲಿ ಹರಿದ ಹಾಯಿಯನ್ನು ತೊಡೆಯ ಮೇಲೆ ಎಳೆದುಕೊಂಡು, ರಾಯರು ಹಿಡಿದುಕೊಟ್ಟಂತೆ, ಸೊಟ್ಟ ಸೊಟ್ಟಗೆ, ದಾರಕ್ಕೆ ಎಳೆದುಕೊಳ್ಳಲು ಜಾಗ ಬಿಟ್ಟು ಹೊಲಿಯುತ್ತ ಹೋದ. ಒದ್ದೆ ಬೆರಳಿನ ಚರ್ಮ ಸುಲಿದು ದಾರವೆಲ್ಲ ಕೆಂಪಾಯಿತು.

ಹಾಯಿ ಮತ್ತೆ ಏರಿದ ಮೇಲೆ ಗಾಳಿ ಕೈಬಿಡಲಿಲ್ಲ. ಮೋಡವೂ ಚದುರಿತು. ಎರಡು ದಿನ ಒಳ್ಳೆ ಬಿಸಿಲು ಬಿತ್ತು. ಫಲಕ ತನ್ನ ಕೆಲಸ ಮಾಡಿತು. ಮೂರನೆಯ ಸಂಜೆ ರಾಯರು ಬ್ಯಾಟರಿಯ ಮುಳ್ಳು ನೋಡಿ, ತಾವು ಮೊದಲು ಮಾತಾಡದೆ ಮೈಕನ್ನು ಅವನ ಕೈಗೆ ಕೊಟ್ಟರು.

“ಸೋಮವ್ವಾ, ನಾ ಇದ್ದೇನಿ. ಇಬ್ಬರೂ ಆರಾಮ ಅದೇವಿ. ಬ್ಯಾಟರಿ ಇಳದಿತ್ತು. ನೀ ಹೇಳಿದ್ದು ಎಲ್ಲಾ ಕೇಳೇನಿ. ಓವರ್.”

ಆಚೆಯಿಂದ ಮಿಲಿಂದ ಏನೋ ಕೂಗಿದ್ದು, ಕುರ್ಚಿ ಬಿದ್ದದ್ದು ಕೇಳಿಸಿತು. ಆಮೇಲೆ ಸೋಮವ್ವನ ದನಿ ಬಂತು.

“ಎಲ್ಲಾ ಅಂದ್ರ... ಎಲ್ಲಾನೂ? ಓವರ್ರಿ.”

“ಎಲ್ಲಾನೂ.” ಅವನು ಗುಂಡಿ ಬಿಡಲಿಲ್ಲ. “ನೀ ಅಂದಿದ್ದು ಖರೇ ಐತಿ. ಖುಷಿ ಆಗಿತ್ತು ನನಗ. ನಾ ಹೊಲಿದ ಅರಿವಿ ಎಲ್ಲಿಗೆ ಹೋಗತೈತಿ ನೋಡಬೇಕಂತ ಆಗಿತ್ತು. ನಿನ್ನ ಬ್ಯಾಸರಕ್ಕಲ್ಲ. ಈಗ ಮನಿಗೆ ಬರೂದು ನೆನಸ್ಕೊಂಡ್ರೂ ಅಷ್ಟೇ ಖುಷಿ ಆಗತೈತಿ, ಅದಕ್ಕೂ ಹೆಚ್ಚ ಆಗತೈತಿ. ಮತ್ತ... ರೊಟ್ಟಿ ಎಲ್ಲಾ ಮೆತ್ತಗ ಆಗಿದ್ವು. ಸುಳ್ಳ ಹೇಳಿದ್ದೆ. ಓವರ್.”

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ರೇಡಿಯೊದಲ್ಲಿ ತಿಳಿಯಲಿಲ್ಲ. “ಕಾವಲಿ ಮ್ಯಾಲೆ ಬಿಸಿ ಮಾಡಬೇಕಿತ್ರಿ,” ಎಂದಳು. ಓವರ್ ಅನ್ನುವುದನ್ನು ಮರೆತಿದ್ದಳು.

ದ್ವೀಪ ಕಂಡದ್ದು ಒಂದು ಮುಂಜಾನೆ. ಕಣ್ಣಿಗಿಂತ ಮೊದಲು ಮೂಗಿಗೆ: ಹಸಿಮಣ್ಣು, ಕೊಳೆತ ಎಲೆ, ಎಲ್ಲೋ ಉರಿಯುವ ಕಟ್ಟಿಗೆ. ನಿಜಗುಣಪ್ಪ ಕಟಕಟೆ ಹಿಡಿದು ಆ ವಾಸನೆಯನ್ನು ಎಳೆದೆಳೆದು ಕುಡಿದ. ಬಂದರಿನ ಕಟ್ಟೆಯ ಮೇಲೆ ಕಾಲಿಟ್ಟಾಗ ನೆಲ ತೂಗಿದಂತಾಗಿ ಮೊಣಕಾಲೂರಿ ಕೂತುಬಿಟ್ಟ. ಅಲ್ಲಿನ ಕೂಲಿಗಳು ನಕ್ಕರು.

ರಾಯರು ಹೊಸ ರಬ್ಬರು ತರಿಸಿ ಎಂಜಿನ್ ಸರಿಮಾಡಿಸಿದರು. ಹೊರಡುವ ಹಿಂದಿನ ದಿನ ಕೇಳಿದರು, “ಮುಂದ ಬರ್ತಿ ಏನು? ಆಫ್ರಿಕಾ ತನಕ.”

ನಿಜಗುಣಪ್ಪ ದೋಣಿಯ ಕಡೆ ನೋಡಿದ. ಹಾಯಿಯ ಮೇಲೆ ತನ್ನ ಸೊಟ್ಟ ಹೊಲಿಗೆ ಕಾಣುತ್ತಿತ್ತು. ಬರಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಅದನ್ನು ಅವನು ಬಚ್ಚಿಡಲಿಲ್ಲ.

“ಬರೂ ಮನಸೈತ್ರಿ ರಾಯರ. ಆದ್ರ ಬರೂದಿಲ್ಲ. ಅಲ್ಲಿ ಒಬ್ಬಾಕಿ ಮಾತಾಡಾಕ ಹತ್ಯಾಳ, ನಾ ಎದುರಿಗೆ ಕುಂತು ಕೇಳಬೇಕ್ರಿ.”

ರಾಯರು ತಲೆಯಾಡಿಸಿದರು. ಒಬ್ಬರೇ ಮುಂದೆ ಹೋದರು. ಮಡಗಾಸ್ಕರಿನ ತಲೆ ಬಳಸಿ ಡರ್ಬನ್ ಮುಟ್ಟಿ, ಮರುವರ್ಷ ಅಲ್ಲಿಯೇ ದೋಣಿಯನ್ನು ಒಂದು ಯುವ ದಂಪತಿಗೆ ಕೊಟ್ಟು, ವಿಮಾನದಲ್ಲಿ ಮುಂಬಯಿಗೂ ಬಸ್ಸಿನಲ್ಲಿ ಬೈಲಹೊಂಗಲಕ್ಕೂ ಬಂದರು. ಕೋಟೆಯ ಬಾಜೂ ಮನೆ ಮಾರಿಹೋಗಿತ್ತು; ಬೆಳಗಾವಿಯಲ್ಲಿ ಮಿಲಿಂದನ ಹತ್ತಿರ ಇದ್ದರು. ವರ್ಷಕ್ಕೆರಡು ಸಲವಾದರೂ ನಿಜಗುಣಪ್ಪನ ಮನೆಗೆ ಊಟಕ್ಕೆ ಬರುತ್ತಿದ್ದರು. ಬಂದಾಗ ಸೋಮವ್ವ ಏನು ಮಾಡಲಿ ಎಂದು ಕೇಳಿದರೆ, “ಅದಿರಲಿ, ಮೊದಲ ನೀ ಹೆಂಗಿದ್ದಿ ಹೇಳವ್ವಾ,” ಎನ್ನುತ್ತಿದ್ದರು. ಎರಡು ಸಾವಿರದ ಐದರಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು.

ದ್ವೀಪದಿಂದ ವಿಮಾನದಲ್ಲಿ ಹಿಂದಿರುಗಿ ಊರು ಸೇರಿದ ನಿಜಗುಣಪ್ಪ ಗೋವಾಕ್ಕೆ ಮತ್ತೆ ಹೋಗಲಿಲ್ಲ. ಮದುವೆಯ ಪೆಂಡಾಲು, ಅಂಗಡಿಗಳ ಮುಂದಿನ ಪರದೆ, ಟ್ರ್ಯಾಕ್ಟರಿನ ಟಾಪು ಹೊಲಿದು ಬದುಕು ನಡೆಯಿತು. ಮನೆಯಲ್ಲಿ ಈಗ ಮಾತಿತ್ತು, ಕೆಲವೊಮ್ಮೆ ಜಗಳವೂ. ಆದರೂ ಬೇಸಿಗೆಯಲ್ಲಿ ಪಡುವಣ ಗಾಳಿ ಎದ್ದು ಪೆಂಡಾಲಿನ ಬಟ್ಟೆ ಉಬ್ಬಿದರೆ ಅವನ ಕೈ ನಿಲ್ಲುತ್ತಿತ್ತು. ಸೋಮವ್ವ ಅದನ್ನು ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಅವನನ್ನು ಕರೆಯುತ್ತಿರಲಿಲ್ಲ.

ಒಂದು ವರ್ಷ ಮಲಪ್ರಭೆಯ ಜಲಾಶಯ ತುಂಬಿತ್ತು. ಸವದತ್ತಿಯ ಹತ್ತಿರ ಹಿನ್ನೀರಿನಲ್ಲಿ ಮೀನು ಹಿಡಿಯುವ ಹಣಮಂತಪ್ಪನ ಪರಿಚಯವಾಯಿತು. ಅವನ ದೋಣಿಗೆ ನಿಜಗುಣಪ್ಪ ಒಂದು ಬಿದಿರಿನ ಕಂಬ ನಿಲ್ಲಿಸಿ ಸಣ್ಣ ಹಾಯಿ ಕಟ್ಟಿಕೊಟ್ಟ. ಹಣಮಂತಪ್ಪನಿಗೆ ಹುಟ್ಟು ಹಾಕುವ ಶ್ರಮ ಉಳಿಯಿತು. ಬದಲಿಗೆ ಬೇಕಾದಾಗ ದೋಣಿ ಒಯ್ಯಲು ಒಪ್ಪಿದ. ಒಂದು ಸಂಜೆ ನಿಜಗುಣಪ್ಪ ಸೋಮವ್ವನನ್ನು ಕರೆತಂದ. ಅವಳು ಎರಡೂ ಕೈಯಿಂದ ಅಂಚು ಹಿಡಿದು, ಕಾಲಿನ ಬೆರಳು ಬಿಗಿದು ಕೂತಳು. ಗಾಳಿ ತುಂಬಿತು, ದೋಣಿ ಸದ್ದಿಲ್ಲದೆ ಹೊರಟಿತು. ಸ್ವಲ್ಪ ಹೊತ್ತಿಗೆ ಅವಳ ಒಂದು ಕೈ ಅಂಚು ಬಿಟ್ಟು ನೀರಿಗಿಳಿಯಿತು.

ನಿಜಗುಣಪ್ಪ ಸುತ್ತ ನೋಡುತ್ತಿದ್ದ. ಎತ್ತ ತಿರುಗಿದರೂ ಗುಡ್ಡ, ಜೋಳದ ಹೊಲ, ಸಂಜೆಯ ಹೊಗೆ.

“ಇಲ್ಲಿ ಎಲ್ಲಾ ಕಡೆ ದಂಡಿ ಕಾಣತೈತಿ,” ಎಂದ.

“ಕಾಣವಲ್ಲದ ಕಡೆ ಹೋಗಬೇಕಂತ ಐತೇನು ಮತ್ತ?” ಎಂದು ಕೇಳಿದಳು ಸೋಮವ್ವ.

“ಐತಿ,” ಎಂದ ಅವನು.

ಅವಳು ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಗಾಳಿ ಇನ್ನೂ ಇತ್ತು. “ಆ ಗುಡ್ಡದ ತನಕರೆ ಹೋಗೂನು ನಡ್ರಿ,” ಎಂದಳು. ಅವನು ಹಗ್ಗ ಎಳೆದು ಹಾಯಿಯನ್ನು ಗಾಳಿಗೆ ತಿರುಗಿಸಿದ.